ಯಾವಾಗ ಕಾಯಬೇಕು, ಯಾವಾಗ ಆಗದು ಎನ್ನಬೇಕು: ಪೈಲಟ್ ಮತ್ತು ಎಟಿಸಿ ನಡುವಿನ ಲೆಕ್ಕ

ಎಟಿಸಿ (ಏರ್ ಟ್ರಾಫಿಕ್ ಕಂಟ್ರೋಲ್, ಅಂದರೆ ವಿಮಾನ ಸಂಚಾರ ನಿಯಂತ್ರಣ) ಟವರ್‌ನವರು ಹೇಳಿದ್ದನ್ನೆಲ್ಲ ಪೈಲಟ್ ಕೇಳಲೇಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ವಿಮಾನಕ್ಕೆ ಕ್ಯಾಪ್ಟನ್ನೇ ದೊರೆ, ತಮಗೆ ಸರಿ ಕಂಡಂತೆ ನಡೆಸುತ್ತಾರೆ ಎನ್ನುವವರೂ ಇದ್ದಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಲ್ಲಿ ಇಬ್ಬರ ಮಾತಿಗೂ ಜಾಗವಿದೆ. ವಿಮಾನದ ವಿಚಾರದಲ್ಲಿ ಕೊನೆಯ ತೀರ್ಮಾನ ಆ ಹಾರಾಟದ ಹೊಣೆ ಹೊತ್ತ ಪೈಲಟ್‌ದು, ಅಂದರೆ ಪೈಲಟ್ ಇನ್ ಕಮಾಂಡ್‌ ಅವರದು; ಆದರೆ ಎಟಿಸಿ ಕೊಟ್ಟ ಕ್ಲಿಯರೆನ್ಸನ್ನು, ಅಂದರೆ ಅನುಮತಿಯನ್ನು, ತುರ್ತು ಸಂದರ್ಭ ಬಿಟ್ಟರೆ ಅವರೂ ಮೀರುವಂತಿಲ್ಲ. ಕಾಕ್‌ಪಿಟ್‌ನಲ್ಲಿ ಈ ಎರಡು ಹೇಗೆ ಒಟ್ಟಿಗೆ ನಡೆಯುತ್ತವೆ ಎಂಬುದನ್ನು ಹಾರಾಟದ ಕ್ರಮದಲ್ಲೇ ನೋಡೋಣ. ಬೆಂಗಳೂರಿನ ಜಕ್ಕೂರಿನಂಥ ಕಡೆ ಹಾರಾಟ ಕಲಿಯಲು ಹೊರಟವರಿಗೆ ಇದು ಮೊದಲ ಪಾಠ. ರನ್‌ವೇ ಅಂಚಿನಲ್ಲಿ ವಿಮಾನ ಸುಮ್ಮನೆ ನಿಂತಾಗ ಗೊಣಗುವ ಪ್ರಯಾಣಿಕರಿಗೂ ಉಪಯೋಗಕ್ಕೆ ಬಂದೀತು.

1. ಅನುಮತಿ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿಕೊಳ್ಳಿ

ಒಂದು ಹಾರಾಟಕ್ಕೆ ಒಂದೇ ಅನುಮತಿ ಇರುವುದಿಲ್ಲ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಮಾರ್ಗದ ಕ್ಲಿಯರೆನ್ಸ್ ಕೊಡುವವರು ಡೆಲಿವರಿ, ನೆಲದ ಮೇಲೆ ಓಡಾಡಿಸುವವರು ಗ್ರೌಂಡ್, ರನ್‌ವೇ ಟವರ್‌ ಕೈಯಲ್ಲಿ. ಮೇಲೇರಿದ ಮೇಲೆ ರಾಡಾರ್, ಇನ್ನೂ ಮೇಲೆ ಹೋದರೆ ಏರಿಯಾ ಕಂಟ್ರೋಲ್. ಪ್ರತಿಯೊಬ್ಬರೂ ಕೊಡುವ ಅನುಮತಿಗೆ ಒಂದು ಗಡಿ ಇರುತ್ತದೆ. ಆ ಗಡಿಯವರೆಗೆ ಹೋಗಿ, ಮುಂದಿನದಕ್ಕೆ ಕಾಯಿರಿ. ದೆಹಲಿಯವರೆಗಿನ ಮಾರ್ಗ ನಿಮ್ಮ ಕೈಗೆ ಬಂದಿರಬಹುದು, ಆದರೆ ಅದನ್ನು ಹಿಡಿದುಕೊಂಡು ವಿಮಾನವನ್ನು ಒಂದು ಅಡಿ ಕೂಡ ಕದಲಿಸುವಂತಿಲ್ಲ.

ಈ ವ್ಯತ್ಯಾಸ ಮಸುಕಾದಾಗ ಏನಾಯಿತು ಎಂಬುದಕ್ಕೆ 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್‌ ದ್ವೀಪದಲ್ಲಿ ಆದ ದುರಂತ ಇದೆ. ಪಕ್ಕದ ಗ್ರಾನ್ ಕನಾರಿಯಾ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾಗಿ, ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಟೆನೆರಿಫ್‌ನ ಲಾಸ್ ರೊಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ಬಂದು ಸೇರಿದ್ದವು. ನೆಲದ ಮೇಲೆ ವಿಮಾನ ಓಡಾಡುವ ದಾರಿಯಾದ ಟ್ಯಾಕ್ಸಿವೇ ತುಂಬಿಹೋಗಿ, ವಿಮಾನಗಳು ರನ್‌ವೇ ಮೇಲೆಯೇ ಸಾಗಬೇಕಾಯಿತು. ಮೇಲಿಂದ ಮಂಜು. ಕೆಎಲ್ಎಂ ಸಂಸ್ಥೆಯ 747 ರನ್‌ವೇ ತುದಿಗೆ ಹೋಗಿ ತಿರುಗಿ ನಿಂತಿತ್ತು. ಪ್ಯಾನ್ ಆ್ಯಮ್‌ನ ಇನ್ನೊಂದು 747 ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿತ್ತು. ಆಗ ಕೆಎಲ್ಎಂಗೆ ಸಿಕ್ಕಿದ್ದು ಮಾರ್ಗದ ಕ್ಲಿಯರೆನ್ಸ್ ಮಾತ್ರ. ಅದರೊಳಗೆ ‘ಟೇಕಾಫ್ ಆದ ಮೇಲೆ ಬಲಕ್ಕೆ’ ಎಂಬ ಮಾತು ಇತ್ತು. ಕ್ಯಾಪ್ಟನ್ ಹೊರಟೇಬಿಟ್ಟರು. ‘ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ’ ಎಂದು ಟವರ್ ಹೇಳಿತು. ಅದೇ ಕ್ಷಣಕ್ಕೆ ಪ್ಯಾನ್ ಆ್ಯಮ್‌ನವರೂ ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದರು. ಎರಡು ದನಿ ಒಂದರ ಮೇಲೊಂದು ಬಿದ್ದು ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ಕೇಳಿದ್ದು ಬಹುಮಟ್ಟಿಗೆ ಕಿರ್ರೆನ್ನುವ ಸದ್ದು. ಆ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು ಫ್ಲೈಟ್ ಎಂಜಿನಿಯರ್ ಅನುಮಾನಿಸಿದರು, ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು. 583 ಜನ ಸತ್ತರು.

ಆಮೇಲೆ ರೇಡಿಯೊ ಭಾಷೆಯೇ ಬದಲಾಯಿತು. ಈಗ ‘ಟೇಕಾಫ್’ ಎಂಬ ಮಾತನ್ನು ಟೇಕಾಫ್ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ. ಉಳಿದಲ್ಲೆಲ್ಲ ‘ಡಿಪಾರ್ಚರ್’. ಆದ್ದರಿಂದ ‘ಕ್ಲಿಯರ್ಡ್ ಫಾರ್ ಟೇಕಾಫ್’ ಎಂಬಷ್ಟನ್ನೂ, ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ಕರೆಯುವ ಹೆಸರು) ಜೊತೆಗೆ, ಕಿವಿಯಾರೆ ಕೇಳುವ ತನಕ ಥ್ರಾಟಲ್ ಮುಟ್ಟಬೇಡಿ.

2. ಕೇಳಿದ್ದನ್ನು ತಿರುಗಿ ಹೇಳಿ, ಆಮೇಲೆ ಮಾಡಿ

ಇದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ರನ್‌ವೇಗೆ ಸಂಬಂಧಿಸಿದ ಎಲ್ಲ ಅನುಮತಿ, ಎತ್ತರ, ದಿಕ್ಕು, ವೇಗ, ಎತ್ತರ ತೋರಿಸುವ ಆಲ್ಟಿಮೀಟರ್‌ನ ಸೆಟಿಂಗ್, ರಾಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ನ ಕೋಡ್, ಮಾರ್ಗದ ಕ್ಲಿಯರೆನ್ಸ್: ಇಷ್ಟನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಬೇಕು. ಇಂಥ ಕಡೆ ಬರೀ ‘ರಾಜರ್’ ಸಾಲದು. ರಾಜರ್ ಎಂದರೆ ನಿಮ್ಮ ಮಾತು ಪೂರ್ತಿ ಬಂತು ಎಂದಷ್ಟೇ, ಮಾಡುತ್ತೇನೆ ಎಂದಲ್ಲ. ಮಾಡುತ್ತೇನೆ ಎನ್ನಲು ‘ವಿಲ್ಕೊ’ ಇದೆ. ನೀವು ತಪ್ಪು ಹೇಳಿದರೆ ಕಂಟ್ರೋಲರ್ ತಿದ್ದುತ್ತಾರೆ. ಅವರು ಕೇಳಿಸಿಕೊಂಡು ಸುಮ್ಮನಿದ್ದರೆ ಸರಿಯಿದೆ ಎಂದು ಲೆಕ್ಕ, ಆದರೆ ನಿಮಗೇ ಅನುಮಾನವಿದ್ದರೆ ಆ ಮೌನವನ್ನು ನೆಚ್ಚಬೇಡಿ, ಇನ್ನೊಮ್ಮೆ ಕೇಳಿ. ಗಿಜಿಗುಡುವ ಫ್ರೀಕ್ವೆನ್ಸಿಯಲ್ಲಿ ಮತ್ತೆ ಕೇಳಲು ಕಲಿಯುವವರು ನಾಚಿಕೊಳ್ಳುವುದು ಸಾಮಾನ್ಯ.

ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಬಿರುಕು ಬಿಟ್ಟರೆ ರೀಡ್‌ಬ್ಯಾಕ್ ಕೂಡ ಕಾಯುವುದಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಆದದ್ದು ಅದೇ. ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್‌ಗೆ ಕೊಟ್ಟಿದ್ದು 15,000 ಅಡಿ. ದೆಹಲಿಯಿಂದ ಏರುತ್ತಿದ್ದ ಸೌದಿ 747ಗೆ 14,000 ಅಡಿ. ನಡುವೆ ಸಾವಿರ ಅಡಿ ಅಂತರ. ನಿಯಮದ ಪ್ರಕಾರ ಸಾಕು. ಕಜಕ್ ವಿಮಾನದಲ್ಲಿ ಎಟಿಸಿ ಜೊತೆ ಮಾತಾಡುತ್ತಿದ್ದವರು ಪೈಲಟ್ ಅಲ್ಲ, ಬೇರೆ ಆಸನದಲ್ಲಿದ್ದ ರೇಡಿಯೊ ಆಪರೇಟರ್. 15,000 ಎಂದು ವರದಿ ಹೋಯಿತು, ವಿಮಾನ ಮಾತ್ರ ಅದಕ್ಕಿಂತ ಕೆಳಗಿಳಿಯಿತು. ಅಂದಿನ ದೆಹಲಿಯ ರಾಡಾರ್‌ನಲ್ಲಿ ಎತ್ತರ ಕಾಣುತ್ತಿರಲಿಲ್ಲ. 349 ಜನ, ಎರಡೂ ವಿಮಾನದಲ್ಲಿ ಒಬ್ಬರೂ ಉಳಿಯಲಿಲ್ಲ.

3. ರನ್‌ವೇ ಅಂಚಿನಲ್ಲಿ ಅನುಮಾನ ಬಂದರೆ ನಿಲ್ಲಿ

ರನ್‌ವೇಗೆ ಮುಂಚೆ ನಿಂತು ಕಾಯುವ ಜಾಗ ಹೋಲ್ಡಿಂಗ್ ಪಾಯಿಂಟ್. ಅದರ ಹಳದಿ ಗೆರೆಗಳು ದಾಟಬಾರದ ಗೆರೆಗಳು. ‘ಇಂಥ ಹೋಲ್ಡಿಂಗ್ ಪಾಯಿಂಟ್‌ಗೆ ಟ್ಯಾಕ್ಸಿ ಮಾಡಿ’ ಎಂದರೆ ಗೆರೆಯ ಈಚೆಗೇ ನಿಲ್ಲಬೇಕು. ‘ಲೈನ್ ಅಪ್ ಆ್ಯಂಡ್ ವೇಟ್’ ಎಂದರೆ ರನ್‌ವೇ ಒಳಗೆ ಹೋಗಿ ನೇರ ನಿಂತು ಕಾಯಬೇಕು, ಹೊರಡಬಾರದು. ‘ಇಳಿಯುತ್ತಿರುವ ಏರ್‌ಬಸ್ ಹಿಂದೆ ಒಳಗೆ ಬನ್ನಿ’ ಎಂಬಂಥ ಷರತ್ತಿನ ಅನುಮತಿಯೂ ಉಂಟು. ಆ ಏರ್‌ಬಸ್ ನಿಮ್ಮ ಕಣ್ಣಿಗೆ ಬಿದ್ದು, ಅದೇ ಎಂದು ಗುರುತು ಹತ್ತಿದ ಮೇಲೆ ಮಾತ್ರ ಅದನ್ನು ಬಳಸಬಹುದು. ಗೆರೆಯ ಮೇಲೆ ಕೆಂಪು ಸ್ಟಾಪ್ ಬಾರ್ ದೀಪ ಉರಿಯುತ್ತಿದ್ದರೆ, ಬಾಯಲ್ಲಿ ಅನುಮತಿ ಸಿಕ್ಕಿದ್ದರೂ ದಾಟಬೇಡಿ. ದೀಪ ಇನ್ನೂ ಕೆಂಪಿದೆ ಎಂದು ಟವರ್‌ಗೆ ಹೇಳಿ.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಕರಾವಳಿ ಕಾವಲು ಪಡೆಯ ಸಣ್ಣ ವಿಮಾನಕ್ಕೆ ಟವರ್ ಹೇಳಿದ್ದು, ನೀವು ಸರದಿಯಲ್ಲಿ ಮೊದಲನೆಯವರು, ಹೋಲ್ಡಿಂಗ್ ಪಾಯಿಂಟ್‌ಗೆ ಬನ್ನಿ ಎಂದು. ಆ ವಿಮಾನ ರನ್‌ವೇ ಒಳಗೇ ಹೋಗಿ ನಿಂತಿತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350 ಬಂದು ಅಪ್ಪಳಿಸಿತು. ದೊಡ್ಡ ವಿಮಾನದ 379 ಜನರೂ ಪಾರಾದರು. ಸಣ್ಣ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು. ಸರದಿಯಲ್ಲಿ ಎಷ್ಟನೆಯವರಾದರೂ ಸರಿ, ಅದರಿಂದ ರನ್‌ವೇ ಪ್ರವೇಶ ಸಿಗುವುದಿಲ್ಲ.

4. ‘ಸ್ಟ್ಯಾಂಡ್‌ಬೈ’ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ

ನೀವು ಎತ್ತರ ಬದಲಿಸಲು ಕೇಳಿದಿರಿ, ಅವರು ‘ಸ್ಟ್ಯಾಂಡ್‌ಬೈ’ ಎಂದರು. ಇದ್ದಲ್ಲೇ ಇರಿ. ಅವರಾಗಿಯೇ ಕರೆಯುತ್ತಾರೆ, ಬಹಳ ಹೊತ್ತಾದರೆ ನೀವು ನೆನಪಿಸಬಹುದು. ನೀವೂ ಅವರಿಗೆ ಸ್ಟ್ಯಾಂಡ್‌ಬೈ ಎನ್ನಬಹುದು ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಎಂಜಿನ್ ತೊಂದರೆ ನೋಡುತ್ತಿರುವಾಗ ಪ್ರಶ್ನೆ ಬಂದರೆ ಮೊದಲು ವಿಮಾನ ಹಾರಿಸಿ, ಆಮೇಲೆ ದಾರಿ ನೋಡಿ, ಮಾತು ಕೊನೆಗೆ.

5. ಗಾಳಿಯಲ್ಲಿ ‘ಇಮ್ಮಿಡಿಯಟ್ಲಿ’ ಕೇಳಿದರೆ ಕೈ ಮೊದಲು, ಬಾಯಿ ಆಮೇಲೆ

ಕಂಟ್ರೋಲರ್ ಆ ಮಾತನ್ನು ಸುಮ್ಮಸುಮ್ಮನೆ ಬಳಸುವುದಿಲ್ಲ. ‘ಎಡಕ್ಕೆ ತಕ್ಷಣ ತಿರುಗಿ’ ಎಂದರೆ ತಿರುವು ಶುರು ಮಾಡಿ, ರೀಡ್‌ಬ್ಯಾಕ್ ತಿರುಗುತ್ತ ಹೇಳಿದರಾಯಿತು.

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನಲ್ಲೇ ಇಂಥದ್ದು ನಡೆಯಿತು. ಎರಡು ಸಮಾನಾಂತರ ರನ್‌ವೇಗಳಲ್ಲಿ ಉತ್ತರದ್ದನ್ನು ಹೊರಡಲು, ದಕ್ಷಿಣದ್ದನ್ನು ಇಳಿಯಲು ಬಳಸುತ್ತಿದ್ದರು. ಒಂದೇ ರನ್‌ವೇ ಬಳಸುವ ತೀರ್ಮಾನವಾಗಿ ದಕ್ಷಿಣದ್ದನ್ನು ಮುಚ್ಚಿದರು, ಆದರೆ ಆ ಸುದ್ದಿ ದಕ್ಷಿಣ ಟವರ್‌ನ ಕಂಟ್ರೋಲರ್‌ಗೆ ಹೋಗಲಿಲ್ಲ. ಕೋಲ್ಕತ್ತಾಗೆ ಒಂದು, ಭುವನೇಶ್ವರಕ್ಕೆ ಒಂದು, ಎರಡಕ್ಕೂ ಟೇಕಾಫ್ ಅನುಮತಿ ಸಿಕ್ಕಿತು. ಎರಡೂ ಏರಿದವು, ಒಂದರ ಕಡೆಗೊಂದು ಬಂದವು. ರಾಡಾರ್ ಕಂಟ್ರೋಲರ್ ನೋಡಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಪೈಲಟ್‌ಗಳಿಬ್ಬರ ಬಳಿಯೂ ಸರಿಯಾದ ಅನುಮತಿಯೇ ಇತ್ತು ಎಂಬುದನ್ನು ಗಮನಿಸಿ. ಅನುಮತಿ ಕೈಗೆ ಬಂದ ಮೇಲೂ ರೇಡಿಯೊದಲ್ಲಿ ಬೇರೆಯವರ ಮಾತಿಗೆ ಕಿವಿ ಕೊಡಬೇಕು ಎಂದು ಹಿರಿಯ ಪೈಲಟ್‌ಗಳು ಹೇಳುವುದು ಇದಕ್ಕೇ.

6. ಆಗದಿದ್ದರೆ ‘ಅನೇಬಲ್’ ಎನ್ನಿ

ಪೈಲಟ್‌ನ ಅಧಿಕಾರವೆಲ್ಲ ಈ ಒಂದು ಮಾತಿನಲ್ಲಿದೆ. ಮುಂಗಾರಿಗೆ ಮುಂಚಿನ ಸಂಜೆ ಗುಡುಗು ಮೋಡದೊಳಕ್ಕೆ ಹೋಗುವ ದಿಕ್ಕು ಕೊಟ್ಟರೆ ‘ಅನೇಬಲ್, ಹವಾಮಾನ’ ಎಂದು ಹೇಳಿ ಬೇರೆ ದಿಕ್ಕು ಕೇಳಿ. ತಕ್ಷಣ ಹೊರಡಿ ಎಂದರೆ, ಚೆಕ್‌ಲಿಸ್ಟ್ ಮುಗಿದಿಲ್ಲವೇ? ಅನೇಬಲ್. ಕಾರಣ ಚುಟುಕಾಗಿ ಸಾಕು, ಯಾರೂ ಬೇಸರಪಡುವುದಿಲ್ಲ. ಹೇಳದೆ ಸುಮ್ಮನೆ ಬೇರೆಯದನ್ನು ಮಾಡುವುದು ಮಾತ್ರ ಕೂಡದು, ಏಕೆಂದರೆ ನೀವು ಇನ್ನೊಂದು ಕಡೆ ಇದ್ದೀರಿ ಎಂದೇ ಕಂಟ್ರೋಲರ್ ಉಳಿದವರನ್ನು ಹೊಂದಿಸುತ್ತಿರುತ್ತಾರೆ. ಹೇಳಲು ಸಮಯವೇ ಇಲ್ಲದ ತುರ್ತಿನಲ್ಲಿ ಬೇಕಾದ್ದನ್ನು ಮಾಡಿ, ಆದಷ್ಟು ಬೇಗ ತಿಳಿಸಿ.

2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡ ವಿಮಾನಕ್ಕೆ ಕಂಟ್ರೋಲರ್ ಲಗಾರ್ಡಿಯಾ ರನ್‌ವೇ ಕೊಡಲು ಮುಂದಾದರು. ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ಅವರ ಉತ್ತರ: ಅನೇಬಲ್. ವಿಮಾನ ಹಡ್ಸನ್ ನದಿಯ ಮೇಲಿಳಿದು 155 ಜನರೂ ಬದುಕಿದರು.

ಅದೇ ನ್ಯೂಯಾರ್ಕ್‌ಗೆ 1990ರ ಜನವರಿಯಲ್ಲಿ ಬಂದ ಕೊಲಂಬಿಯಾದ ಅವಿಯಾಂಕಾ ವಿಮಾನದ ಕಥೆ ಇದಕ್ಕೆ ತಿರುಗುಮುರುಗು. ಕೆಟ್ಟ ಹವೆಯಿಂದಾಗಿ ಅದನ್ನು ಒಟ್ಟು ಒಂದು ಗಂಟೆ 17 ನಿಮಿಷ ಸುತ್ತು ಹೊಡೆಸಿದರು. ಇಂಧನ ಮುಗಿಯುತ್ತಿದೆ, ಆದ್ಯತೆ ಬೇಕು ಎಂದರೇ ಹೊರತು ತುರ್ತು ಪರಿಸ್ಥಿತಿ ಎಂದು ಪೈಲಟ್‌ಗಳು ಘೋಷಿಸಲಿಲ್ಲ. ಎಂಜಿನ್‌ಗಳು ಆರಿ ವಿಮಾನ ಬಿತ್ತು, 73 ಜನ ಸತ್ತರು. ಕಾಯಿರಿ ಎಂದವರಿಗೆ ನೀವು ಎಷ್ಟು ಹೊತ್ತು ಕಾಯಬಲ್ಲಿರಿ ಎಂಬುದು ತಾನಾಗಿ ತಿಳಿಯುವುದಿಲ್ಲ. ಇಂದು ಇದಕ್ಕೆ ಎರಡು ಮೆಟ್ಟಿಲು ಇವೆ. ಇನ್ನು ತಡವಾದರೆ ಕೊನೆಯ ಮೀಸಲು ಇಂಧನಕ್ಕೆ ಕೈಹಾಕಬೇಕಾದೀತು ಎಂದಾದಾಗ ‘ಮಿನಿಮಮ್ ಫ್ಯೂಯಲ್’. ಆ ಮೀಸಲಿಗೆ ಕೈ ಹಾಕಿಯೇ ಇಳಿಯಬೇಕು ಎಂದು ಲೆಕ್ಕ ಬಂದಾಗ ಪ್ರಾಣಾಪಾಯದ ಕರೆಯಾದ ‘ಮೇಡೇ ಫ್ಯೂಯಲ್’, ಮೂರು ಸಲ ಮೇಡೇ ಎಂದು.

7. ಟಿಕ್ಯಾಸ್ ಕೂಗಿದರೆ ಎಟಿಸಿಗೂ ಕಾಯಬೇಡಿ

ಎದುರು ವಿಮಾನದ ಟ್ರಾನ್ಸ್‌ಪಾಂಡರ್ ಜೊತೆ ತಾನೇ ಮಾತಾಡಿಕೊಂಡು ‘ಏರು’ ಅಥವಾ ‘ಇಳಿ’ ಎನ್ನುವ ಯಂತ್ರ ಟಿಕ್ಯಾಸ್. ಅದು ‘ಟ್ರಾಫಿಕ್, ಟ್ರಾಫಿಕ್’ ಎಂದಷ್ಟೇ ಹೇಳಿದರೆ ಕಣ್ಣು ಹಾಯಿಸಿ, ವಿಮಾನ ತಿರುಗಿಸಬೇಡಿ. ಏರು-ಇಳಿ ಎಂಬ ಆದೇಶ (ಆರ್‌ಎ) ಬಂದರೆ ಮಾತ್ರ ಐದು ಸೆಕೆಂಡಿನೊಳಗೆ ಪಾಲಿಸಬೇಕು, ಕಂಟ್ರೋಲರ್ ಅದಕ್ಕೆ ತದ್ವಿರುದ್ಧ ಹೇಳುತ್ತಿದ್ದರೂ. ‘ಟಿಕ್ಯಾಸ್ ಆರ್‌ಎ’ ಎಂದು ರೇಡಿಯೊದಲ್ಲಿ ಹೇಳಿದ ಮೇಲೆ, ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’ ಎಂದು ನೀವು ತಿಳಿಸುವವರೆಗೆ ಅವರೂ ನಿಮ್ಮ ದಾರಿ ಬದಲಿಸಲು ಯತ್ನಿಸುವುದಿಲ್ಲ. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆ, ಗಾಳಿ ಹಠಾತ್ತನೆ ಬದಲಾಗುವ ವಿಂಡ್‌ಶಿಯರ್ ಎಚ್ಚರಿಕೆ, ನೆಲ ಹತ್ತಿರವಾಯಿತೆಂಬ ಎಚ್ಚರಿಕೆ ಮಾತ್ರ ಇದಕ್ಕಿಂತ ಮೇಲಿನವು.

ಈ ನಿಯಮ ಇಷ್ಟು ಗಟ್ಟಿಯಾದದ್ದು 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್‌ಲಿಂಗನ್ ಮೇಲೆ ಆದ ಡಿಕ್ಕಿಯ ನಂತರ. ಜ್ಯೂರಿಕ್‌ನಲ್ಲಿ ಒಬ್ಬರೇ ಕಂಟ್ರೋಲರ್ ಎರಡು ಕಡೆ ನೋಡುತ್ತಿದ್ದರು. ರಷ್ಯಾದ ಟುಪೊಲೆವ್‌ಗೆ ಇಳಿಯಲು ಹೇಳಿದರು. ಅದರ ಟಿಕ್ಯಾಸ್ ಏರಲು ಹೇಳಿತು. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಎದುರಿನ ಸರಕು ವಿಮಾನ ತನ್ನ ಟಿಕ್ಯಾಸ್ ಹೇಳಿದಂತೆ ಇಳಿಯುತ್ತಿತ್ತು. 71 ಜೀವ ಹೋಯಿತು, ಹೆಚ್ಚಿನವರು ಶಾಲಾ ಮಕ್ಕಳು.

8. ಇಳಿಯಲು ಅನುಮತಿ ಸಿಕ್ಕಿದ್ದರೂ ಇಳಿಯಲೇಬೇಕಿಲ್ಲ

ರನ್‌ವೇ ಹೊಸ್ತಿಲು ಬರುವವರೆಗೂ ‘ಕ್ಲಿಯರ್ಡ್ ಟು ಲ್ಯಾಂಡ್’ ಸಿಗದಿದ್ದರೆ ಗೋ ಅರೌಂಡ್, ಅಂದರೆ ಮತ್ತೆ ಮೇಲೇರುವುದು. ಸಿಕ್ಕಿದ್ದರೂ ವೇಗ, ಎತ್ತರ ಹದದಲ್ಲಿಲ್ಲದಿದ್ದರೆ ಅದೇ. ಕಂಡಕ್ಟರ್ ‘ರೈಟ್’ ಎಂದ ಮೇಲೆ ಬಸ್ಸು ಹೊರಡುತ್ತದೆ ನಿಜ, ಎಮ್ಮೆ ಅಡ್ಡ ಬಂದಾಗ ಬ್ರೇಕ್ ಹಾಕಲು ಡ್ರೈವರ್ ಕಂಡಕ್ಟರನ್ನು ಕೇಳುತ್ತಾನೆಯೇ? ಗೋ ಅರೌಂಡ್‌ಗೆ ಯಾರ ಅಪ್ಪಣೆಯೂ ಬೇಡ. ಪವರ್ ಕೊಡಿ, ಏರಿ, ಆಮೇಲೆ ‘ಗೋಯಿಂಗ್ ಅರೌಂಡ್’ ಎನ್ನಿ.

2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಇಳಿದ ವಿಮಾನಕ್ಕೂ ಟವರ್ ಅನುಮತಿ ಕೊಟ್ಟಿತ್ತು. ವಿಮಾನ ಬೇಕಾದದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಗೋ ಅರೌಂಡ್ ಎಂದರು. ಕ್ಯಾಪ್ಟನ್ ಮುಂದುವರಿಸಿದರು, ಅರ್ಧಕ್ಕಿಂತ ಹೆಚ್ಚು ರನ್‌ವೇ ಹಿಂದೆ ಹೋದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ನೆತ್ತಿಯ ಆ ರನ್‌ವೇಯಾಚೆ ಕಣಿವೆ. 166 ಜನರಲ್ಲಿ ಉಳಿದವರು ಎಂಟು ಮಂದಿ. ಅಲ್ಲಿ ಎಟಿಸಿ ಹೇಳಿದ್ದನ್ನು ಯಾರೂ ಮೀರಿರಲಿಲ್ಲ.

9. ರೇಡಿಯೊ ಸತ್ತರೆ

ಟ್ರಾನ್ಸ್‌ಪಾಂಡರ್‌ನಲ್ಲಿ ರೇಡಿಯೊ ಕೆಟ್ಟಿದೆ ಎಂಬ ಸಂಕೇತ 7600 ಹಾಕಿ. ಹವೆ ತಿಳಿಯಾಗಿದ್ದರೆ ಮೋಡಕ್ಕೆ ಸಿಗದೆ ಹತ್ತಿರದ ತಕ್ಕ ನಿಲ್ದಾಣದಲ್ಲಿ ಇಳಿಯಿರಿ. ಮೋಡದೊಳಗಿದ್ದರೆ, ಅಂತರರಾಷ್ಟ್ರೀಯ ನಿಯಮದಂತೆ, ಕೊನೆಗೆ ಕೊಟ್ಟ ವೇಗ ಮತ್ತು ಎತ್ತರವನ್ನು ರಾಡಾರ್ ಇರುವ ಕಡೆ 7 ನಿಮಿಷ, ಇಲ್ಲದ ಕಡೆ 20 ನಿಮಿಷ ಹಿಡಿದುಕೊಂಡು, ಆಮೇಲೆ ಫ್ಲೈಟ್ ಪ್ಲಾನ್‌ನಲ್ಲಿ ಬರೆದಂತೆ ಹೋಗಬೇಕು. ನಿಲ್ದಾಣದ ಹತ್ತಿರ ಬಂದಾಗ ಟವರ್ ಕಡೆ ನೋಡುತ್ತಿರಿ. ಗಾಳಿಯಲ್ಲಿರುವವರಿಗೆ ನಿಂತ ಹಸಿರು ದೀಪ ತೋರಿಸಿದರೆ ಇಳಿಯಬಹುದು. ನಿಂತ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತು ಹೊಡೆಯುತ್ತಿರಿ, ಮಿಣುಕುವ ಕೆಂಪು ಎಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ದೀಪ ಕಂಡಿತು ಎಂದು ತಿಳಿಸಲು ಹಗಲಲ್ಲಿ ರೆಕ್ಕೆ ಅಲ್ಲಾಡಿಸಬೇಕು, ರಾತ್ರಿಯಾದರೆ ಲ್ಯಾಂಡಿಂಗ್ ಲೈಟನ್ನು ಎರಡು ಸಲ ಹೊತ್ತಿಸಿ ಆರಿಸಬೇಕು.