ಬಾಯಿ ವಾಸನೆ: ಹೊಟ್ಟೆಯನ್ನು ದೂರುವ ಮೊದಲು ನಾಲಿಗೆ ನೋಡಿಕೊಳ್ಳಿ

ಬಾಯಿ ವಾಸನೆ ಅಂದ ಕೂಡಲೇ ನಮ್ಮಲ್ಲಿ ಬರುವ ಮೊದಲ ಮಾತು, "ಹೊಟ್ಟೆ ಸರಿ ಇಲ್ಲ, ಗ್ಯಾಸ್ ಆಗಿರಬೇಕು." ಅಲ್ಲಿಂದ ಶುರು. ಗ್ಯಾಸಿನ ಮಾತ್ರೆ, ಜೀರಿಗೆ ಕಷಾಯ, ಊಟ ಆದ ಮೇಲೆ ಒಂದು ಹಿಡಿ ಬಡೇಸೋಪು. ತಿಂಗಳು ಕಳೆದರೂ ವಾಸನೆ ಮಾತ್ರ ಹೋಗುವುದಿಲ್ಲ.

ಹೋಗದೇ ಇರುವುದಕ್ಕೆ ಕಾರಣವಿದೆ. ಅನ್ನನಾಳ ತೆರೆಯುವುದು ನಾವು ನುಂಗುವಾಗ, ತೇಗುವಾಗ. ಉಳಿದ ಹೊತ್ತು ಅದು ಮುಚ್ಚಿಕೊಂಡೇ ಇರುತ್ತದೆ. ಹೊಟ್ಟೆಯ ಗಾಳಿ ದಿನವಿಡೀ ಬಾಯಿಗೆ ಬರುತ್ತಾ ಕೂರುವುದಿಲ್ಲ. ಬಾಯಿ ವಾಸನೆಯ ತೊಂದರೆ ಇರುವ 100 ಜನರಲ್ಲಿ 80ರಿಂದ 90 ಜನಕ್ಕೆ ಅದು ಹುಟ್ಟುವುದು ಬಾಯೊಳಗೇ. ನಾಲಿಗೆಯ ಹಿಂಭಾಗದಲ್ಲಿ, ವಸಡಿನ ಸಂದಿನಲ್ಲಿ, ತೂತು ಬಿದ್ದ ಹಲ್ಲಿನಲ್ಲಿ. ಇದು ನಿಜಕ್ಕೂ ಒಳ್ಳೆಯ ಸುದ್ದಿ. ಕನ್ನಡಿ ಹಿಡಿದರೆ ಕಾಣುವ ಜಾಗ, ಕೈಗೆ ಸಿಗುವ ಜಾಗ. ಹೆಚ್ಚಿನವರಿಗೆ ಮನೆಯಲ್ಲೇ ಸರಿಮಾಡಿಕೊಳ್ಳಲು ಆಗುತ್ತದೆ. ಉಳಿದವರಿಗೆ ದಂತ ವೈದ್ಯರಿದ್ದಾರೆ.

ವಾಸನೆ ಹುಟ್ಟುವುದು ಹೇಗೆ?

ನಮ್ಮ ಬಾಯಲ್ಲಿ ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳಿವೆ. ಉಳಿದ ಆಹಾರ, ಉದುರಿದ ಚರ್ಮದ ಕಣ, ಮೂಗಿನಿಂದ ಗಂಟಲಿಗೆ ಇಳಿದ ಸಿಂಬಳ, ವಸಡಿನ ರಕ್ತ ಇವುಗಳಲ್ಲಿರುವ ಪ್ರೋಟೀನನ್ನು ಅವು ಒಡೆದು ತಿನ್ನುತ್ತವೆ. ಆಗ ಗಂಧಕದ ಅನಿಲಗಳು ಹೊರಬರುತ್ತವೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ನಾತದ್ದು. ಮೀಥೈಲ್ ಮರ್ಕ್ಯಾಪ್ಟನ್ ಕೊಳೆತ ಎಲೆಕೋಸಿನ ನಾತದ್ದು. ವಸಡಿನ ಕಾಯಿಲೆ ಇದ್ದವರಲ್ಲಿ ಈ ಎರಡನೆಯದು ಜಾಸ್ತಿ.

ಇವುಗಳನ್ನು ಹದ್ದಿನಲ್ಲಿಡುವುದು ನಮ್ಮ ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ತನಕ ಜೊಲ್ಲು ಬರುತ್ತದೆ. ಅದು ಬಾಯನ್ನು ತೊಳೆಯುತ್ತಲೇ ಇರುತ್ತದೆ. ನಿದ್ದೆಯಲ್ಲಿ ಮಾತ್ರ ತೀರಾ ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದಾಗ ಎಲ್ಲರ ಬಾಯಿಯೂ ವಾಸನೆ ಬರುವುದು ಅದಕ್ಕೇ. ಹಲ್ಲುಜ್ಜಿ, ತಿಂಡಿ ತಿಂದ ಮೇಲೆ ಅದು ಹೋಗಬೇಕು. ಮಧ್ಯಾಹ್ನಕ್ಕೆ, ಸಂಜೆಗೆ ಮತ್ತೆ ಬರುತ್ತಿದ್ದರೆ ಗಮನ ಕೊಡಬೇಕು.

ನಿಮಗೆ ಇದೆಯೋ ಇಲ್ಲವೋ ನೋಡಿಕೊಳ್ಳಿ

ಅಂಗೈ ಅಡ್ಡ ಹಿಡಿದು ಉಸಿರು ಬಿಟ್ಟು ಮೂಸಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ದಿನವೂ ಜೊತೆಗಿರುವ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ. ಅದಕ್ಕಿಂತ ಒಳ್ಳೆಯ ದಾರಿಗಳಿವೆ. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಮಾಡಿ ನೋಡಿ.

ಮೊದಲಿಗೆ ಸ್ಟೀಲ್ ಚಮಚ. ಅದನ್ನು ಬೋರಲು ಹಿಡಿದು, ನಾಲಿಗೆಯ ಹಿಂಭಾಗಕ್ಕೆ ಆದಷ್ಟು ಒಳಗಿಟ್ಟು, ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಚಮಚಕ್ಕೆ ಹತ್ತಿದ ಲೋಳೆಯ ಬಣ್ಣ ನೋಡಿ. ಕೆಲವು ಸೆಕೆಂಡು ಬಿಟ್ಟು ಮೂಸಿ. ಬಿಳಿಯಾಗಿ, ತೆಳುವಾಗಿದ್ದರೆ ಚಿಂತೆಯಿಲ್ಲ. ಹಳದಿಯಾಗಿ ದಪ್ಪಗಿದ್ದು ನಾತ ಹೊಡೆದರೆ ಕಾರಣ ನಾಲಿಗೆಯಲ್ಲೇ ಸಿಕ್ಕಿತು. ನನ್ನ ಪ್ರಕಾರ ಮನೆಯಲ್ಲಿ ಮಾಡುವ ಪರೀಕ್ಷೆಗಳಲ್ಲಿ ಇದೇ ಮೇಲು. ಮುಂಗೈ ನೆಕ್ಕಿ, ಒಣಗಲು ಬಿಟ್ಟು ಮೂಸುವ ಪರೀಕ್ಷೆಯೂ ಇದೆ. ಆದರೆ ಅದಕ್ಕೆ ತಾಗುವುದು ನಾಲಿಗೆಯ ತುದಿ. ತುದಿ ಹೇಗೂ ಸ್ವಚ್ಛವಾಗಿರುತ್ತದೆ, ಅಲ್ವಾ?

ಇನ್ನೊಂದು, ದಾರ. ಮೆಡಿಕಲ್ ಶಾಪಿನಲ್ಲಿ ಸಿಗುವ ಡೆಂಟಲ್ ಫ್ಲಾಸ್ ಅನ್ನು ದವಡೆ ಹಲ್ಲುಗಳ ಸಂದಿನಲ್ಲಿ ಒಂದೊಂದಾಗಿ ಆಡಿಸಿ, ಪ್ರತಿ ಸಲ ಮೂಸಿ. ಯಾವ ಸಂದಿನಿಂದ ವಾಸನೆ ಬರುತ್ತದೋ, ಎಲ್ಲಿ ರಕ್ತ ಕಾಣುತ್ತದೋ, ಆ ಜಾಗ ನೆನಪಿಟ್ಟುಕೊಳ್ಳಿ. ವೈದ್ಯರಿಗೆ ತೋರಿಸಲು ಬೇಕಾಗುತ್ತದೆ.

ಇವೆಲ್ಲಕ್ಕಿಂತ ನಂಬಬಹುದಾದದ್ದು ಇನ್ನೊಬ್ಬರ ಮೂಗು. ಗಂಡ, ಹೆಂಡತಿ, ಅಕ್ಕ, ಒಳ್ಳೆಯ ಸ್ನೇಹಿತ, ಯಾರನ್ನಾದರೂ ನೇರವಾಗಿ ಕೇಳಿ. "ಬೇಜಾರಿಲ್ಲ, ಇದ್ದದ್ದು ಇದ್ದ ಹಾಗೆ ಹೇಳು" ಎಂದು ನೀವೇ ಮೊದಲು ಬಾಗಿಲು ತೆಗೆಯಬೇಕು. ಅವರಾಗಿ ಹೇಳುವುದು ಬಹಳ ಕಷ್ಟ. ವೈದ್ಯರು ಕೂಡ ಹೀಗೇ ಮೂಸಿ, 0ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಅನಿಲ ಅಳೆಯುವ ಯಂತ್ರಗಳಿದ್ದರೂ ಮೂಗಿನ ಪರೀಕ್ಷೆಗೇ ಇವತ್ತಿಗೂ ಹೆಚ್ಚು ಬೆಲೆ.

ಇಲ್ಲೊಂದು ಮಾತು. ವಾಸನೆಯೇ ಇಲ್ಲದಿದ್ದರೂ ಇದೆ ಎಂದು ಕೊರಗುವವರು ಇದ್ದಾರೆ. ಎದುರಿದ್ದವರು ಮೂಗು ಮುಟ್ಟಿಕೊಂಡರೂ ತಮಗಾಗಿಯೇ ಎಂದುಕೊಳ್ಳುತ್ತಾರೆ. ಜನರ ನಡುವೆ ಹೋಗುವುದನ್ನೇ ಬಿಡುತ್ತಾರೆ. ಮನೆಯವರು, ವೈದ್ಯರು ಇಬ್ಬರೂ "ಇಲ್ಲ" ಎಂದ ಮೇಲೂ ಈ ಭಯ ಹೋಗದಿದ್ದರೆ ಮನೋವೈದ್ಯರ ಸಹಾಯ ಪಡೆಯಿರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಾಲಿಗೆ ಹೆರೆಯುವ ಸರಿಯಾದ ಕ್ರಮ

ನಾಲಿಗೆಯ ಮೇಲ್ಮೈ ನುಣುಪಲ್ಲ. ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿಯ ಹಾಗೆ ಅದರ ತುಂಬ ಎಳೆ ಎಳೆ. ಬಾಯಿ ಮುಕ್ಕಳಿಸಿದರೆ ಮೇಲಿನ ಕೊಳೆ ಹೋಗುತ್ತದೆ, ಎಳೆಗಳ ನಡುವಿನದು ಅಲ್ಲೇ ಉಳಿಯುತ್ತದೆ. ಅದನ್ನು ಹೆರೆದೇ ತೆಗೆಯಬೇಕು.

ತಾಮ್ರದ್ದೋ ಸ್ಟೀಲಿನದೋ ಟಂಗ್ ಕ್ಲೀನರ್ ತೆಗೆದುಕೊಳ್ಳಿ. ನಾಲಿಗೆಯನ್ನು ಪೂರ್ತಿ ಹೊರಚಾಚಿ. ಹಿಂದಿನಿಂದ ಮುಂದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಪ್ರತಿ ಸಲ ನೀರಿನಲ್ಲಿ ತೊಳೆದು ಮತ್ತೆ ಎಳೆಯಿರಿ. ಲೋಳೆ ಬರುವುದು ನಿಂತರೆ ಸಾಕು. ಹೆಚ್ಚಿನವರು ಮಾಡುವ ತಪ್ಪು ಎಂದರೆ ಮುಂದಿನ ಅರ್ಧವನ್ನಷ್ಟೇ ಹೆರೆಯುವುದು. ವಾಸನೆ ಇರುವುದು ಹಿಂದಿನ ಅರ್ಧದಲ್ಲಿ. ಅಲ್ಲಿ ಮುಟ್ಟಿದರೆ ಓಕರಿಕೆ ಬರುತ್ತದೆ ಎಂದು ಬಿಡುತ್ತಾರೆ. ಉಸಿರನ್ನು ಮೂಗಿನಿಂದ ಹೊರಗೆ ಬಿಡುತ್ತಾ ಎಳೆದು ನೋಡಿ, ಓಕರಿಕೆ ಕಡಿಮೆಯಾಗುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಹೋಗಿ, ಒಗ್ಗುತ್ತದೆ. ರಕ್ತ ಬರುವಷ್ಟು ಒತ್ತುವುದು ಬೇಡ.

ಒಂದು ದಿನ ಹೆರೆದರೆ ಆಯಿತು ಎನ್ನುವ ಹಾಗಿಲ್ಲ. ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ದಿನವೂ ಬೇಕು. ರಾತ್ರಿಯೂ ಮಾಡಿದರೆ ಇನ್ನೂ ಒಳ್ಳೆಯದು.

ಹಲ್ಲು ಮತ್ತು ವಸಡು

ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಎರಡೆರಡು ನಿಮಿಷ. ಮೆತ್ತನೆ ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಿ. ಬೆಳಿಗ್ಗೆಯದನ್ನು ಯಾರೂ ತಪ್ಪಿಸುವುದಿಲ್ಲ. ಬಾಯಿ ವಾಸನೆಯ ಮಟ್ಟಿಗೆ ರಾತ್ರಿಯದೇ ಮುಖ್ಯ, ಜೊಲ್ಲು ಕಡಿಮೆಯಾಗುವುದು ಆಗ ತಾನೆ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತವೆ, ಬಿಟ್ಟುಬಿಡಿ. ಬೇವಿನ ಕಡ್ಡಿ ಬಳಸುವವರು ಬಳಸಲಿ, ಆದರೆ ಸಂದಿಗೆ ಅದು ಹೋಗುವುದಿಲ್ಲ. ಸಂದಿಗೆ ಫ್ಲಾಸ್ ಬೇಕು. ಹಲ್ಲುಗಳ ನಡುವೆ ಜಾಗ ಇದ್ದವರಿಗೆ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಬೇಕು.

ಬ್ರಷ್ ಮಾಡುವಾಗ ರಕ್ತ ಬಂದರೆ ಆ ಕಡೆ ಉಜ್ಜುವುದನ್ನೇ ನಿಲ್ಲಿಸುವವರಿದ್ದಾರೆ. ಮಾಡಬೇಕಾದ್ದು ಅದರ ಉಲ್ಟಾ. ರಕ್ತ ಬರುವುದು ವಸಡು ಊದಿಕೊಂಡಿರುವ ಗುರುತು. ಅಲ್ಲಿ ಇನ್ನೂ ಚೆನ್ನಾಗಿ, ಮೆತ್ತಗೆ ಉಜ್ಜಬೇಕು. ಹಲ್ಲಿಗೆ ಕಲ್ಲಿನಂತೆ ಅಂಟಿದ ಪಾಚಿ ಮಾತ್ರ ಬ್ರಷ್ಷಿಗೆ ಬರುವುದಿಲ್ಲ, ಸ್ಕೇಲಿಂಗ್ ಮಾಡಿಸಬೇಕು. "ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತವೆ" ಎಂಬ ಮಾತು ಊರೂರಲ್ಲೂ ಇದೆ. ಹಲ್ಲನ್ನು ಸಡಿಲ ಮಾಡುವುದು ವಸಡಿನ ಕಾಯಿಲೆ. ಪಾಚಿ ತೆಗೆದಾಗ ಆ ಸಡಿಲ ಎದ್ದು ಕಾಣುತ್ತದೆ, ಅಷ್ಟೇ. ಈ ಒಂದು ತಪ್ಪು ನಂಬಿಕೆಯಿಂದ ಎಷ್ಟೋ ಜನ ಉಳಿಸಿಕೊಳ್ಳಬಹುದಾದ ಹಲ್ಲುಗಳನ್ನು ಕಳೆದುಕೊಳ್ಳುತ್ತಾರೆ ಎನ್ನುವುದು ನನಗೆ ತುಂಬ ಬೇಸರದ ವಿಷಯ.

ಜಗಳೂರು, ಮೊಳಕಾಲ್ಮೂರು ಕಡೆಯವರಿಗೆ ಒಂದು ಮಾತು. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಬರುವ ಕಂದು ಕಲೆಗೂ ಬಾಯಿ ವಾಸನೆಗೂ ಸಂಬಂಧವಿಲ್ಲ. ಕಲೆ ಹೋಗಲಿ ಎಂದು ಗಸಗಸ ತಿಕ್ಕಬೇಡಿ. ಕಲೆ ಹೋಗುವುದಿಲ್ಲ, ವಸಡು ಕೆಳಗೆ ಇಳಿಯುತ್ತದೆ.

ಹಲ್ಲಿನ ಸೆಟ್ ಹಾಕುವ ಹಿರಿಯರು ರಾತ್ರಿ ಅದನ್ನು ತೆಗೆದು, ಬ್ರಷ್ಷಿನಿಂದ ಉಜ್ಜಿ, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರು ಬೇಡ, ಆಕಾರ ಕೆಡುತ್ತದೆ.

ಬಾಯಿ ಒಣಗಲು ಬಿಡಬೇಡಿ

ನಮ್ಮ ಬಯಲುಸೀಮೆಯ ಬೇಸಿಗೆ ಬಾಯಿ ಒಣಗಿಸಲು ಸಾಕು. ಜೊತೆಗೆ ದಿನವಿಡೀ ಮಾತಾಡುವ ಕೆಲಸ, ಉಪವಾಸ, ಬಾಯಿ ತೆರೆದು ಮಲಗುವ ಅಭ್ಯಾಸ. ನೀರಿನ ಬಾಟಲಿ ಹತ್ತಿರ ಇರಲಿ. ಆಗಾಗ ಗುಟುಕು ಕುಡಿಯಿರಿ. ಟೀ ಕುಡಿದ ಮೇಲೆ ಬಾಯಿ ಮುಕ್ಕಳಿಸಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಜಗಿದರೆ ಜೊಲ್ಲು ಬರುತ್ತದೆ.

ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಅಲರ್ಜಿ ಮಾತ್ರೆ, ಖಿನ್ನತೆಯ ಮಾತ್ರೆ, ಬಿಪಿಗೆ ಕೊಡುವ ಕೆಲವು ಮಾತ್ರೆ. ಹಾಗೆಂದು ನೀವಾಗಿ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿ, ಬದಲಿ ಇದೆಯೇ ಕೇಳಿ.

ಮಂಡಕ್ಕಿ, ಈರುಳ್ಳಿ, ಬೆಳ್ಳುಳ್ಳಿ

ದಾವಣಗೆರೆಯಲ್ಲಿದ್ದು ಸಂಜೆಯ ಖಾರ ಮಂಡಕ್ಕಿ, ಮಿರ್ಚಿ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಬೆಳ್ಳುಳ್ಳಿಯ ಗುಣ ಗೊತ್ತಿರಲಿ. ಅದರ ಒಂದು ಗಂಧಕದ ಅನಿಲ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಎಷ್ಟು ಹಲ್ಲುಜ್ಜಿದರೂ ಕೆಲವು ಗಂಟೆ ಹೋಗುವುದಿಲ್ಲ. ಊಟದ ಜೊತೆಯಲ್ಲೇ ಮೊಸರು, ಹಾಲು, ಹಸಿ ಪುದೀನ, ಸೇಬು ತಿಂದರೆ ಕಡಿಮೆಯಾಗುತ್ತದೆ. ಮರುದಿನ ಸಂದರ್ಶನ ಇದ್ದರೆ, ಹೆಣ್ಣು ನೋಡುವ ಶಾಸ್ತ್ರ ಇದ್ದರೆ, ಹಿಂದಿನ ರಾತ್ರಿ ಬೆಳ್ಳುಳ್ಳಿ ಬಿಡಿ. ಮಂಡಕ್ಕಿ ತಿಂದ ಮೇಲೆ ಸಂದಿಯಲ್ಲಿ ಉಳಿದ ಪುಡಿಯನ್ನು ನೀರಿನಿಂದ ಜೋರಾಗಿ ಮುಕ್ಕಳಿಸಿ ತೆಗೆಯಿರಿ.

ಏಲಕ್ಕಿ, ಲವಂಗ, ಬಡೇಸೋಪು ಸ್ವಲ್ಪ ಹೊತ್ತು ವಾಸನೆ ಮುಚ್ಚುತ್ತವೆ. ಮೌತ್‌ವಾಶ್ ಕೂಡ ಅಷ್ಟೇ. ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ.

ಅಡಿಕೆ, ಗುಟ್ಕಾ, ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ಮೆತ್ತಗೆ ಹೇಳಲು ಆಗುವುದಿಲ್ಲ. ಚನ್ನಗಿರಿ, ಹೊಳಲ್ಕೆರೆಯಲ್ಲಿ ಅಡಿಕೆ ಎಷ್ಟೋ ಮನೆಗಳ ಅನ್ನ, ಅದು ನನಗೂ ಗೊತ್ತು. ಆದರೆ ಜಗಿಯುವವರ ಬಾಯಿಗೆ ಅದರಿಂದ ಹಾನಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಬಾಯಿ ಅಷ್ಟು ತೆರೆಯದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ವಾಸನೆಯ ಮಾತು ಬಿಡಿ, ಈ ವಾರವೇ ತೋರಿಸಿ.

ಬಾಯಿ ಸ್ವಚ್ಛ ಇದ್ದರೂ ವಾಸನೆ ಇದ್ದರೆ

ಗಂಟಲಿನ ಟಾನ್ಸಿಲ್ ಗುಳಿಗಳಲ್ಲಿ ಬಿಳಿ ಹರಳಿನಂಥ ಉಂಡೆ ಕೂರುವುದುಂಟು. ಕೆಮ್ಮಿದಾಗ ಅದು ಹೊರಬಿದ್ದರೆ ತುಂಬ ನಾತ. ಸೈನಸ್ ಸೋಂಕಿನಿಂದಲೂ ವಾಸನೆ ಬರುತ್ತದೆ. ಇವೆರಡಕ್ಕೂ ಇಎನ್‌ಟಿ ವೈದ್ಯರು ಬೇಕು. ಸಣ್ಣ ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ, ಕಡಲೆಯೋ ಮಣಿಯೋ ಮೂಗಿನಲ್ಲಿ ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ಕೆದಕಬೇಡಿ, ಕರೆದುಕೊಂಡು ಹೋಗಿ.

ಸಕ್ಕರೆ ಕಾಯಿಲೆ ಇದ್ದವರ ಉಸಿರು ಹಣ್ಣಿನಂತೆ ವಾಸನೆ ಬಂದು, ಜೊತೆಗೆ ವಾಂತಿ, ಸುಸ್ತು, ಜೋರು ಉಸಿರಾಟ ಇದ್ದರೆ ಅದು ತುರ್ತು. ಬೆಳಿಗ್ಗೆಯವರೆಗೆ ಕಾಯದೆ ಆಸ್ಪತ್ರೆಗೆ ಸೇರಿಸಿ. ಉಸಿರಿನಲ್ಲಿ ಮೂತ್ರದಂಥ ವಾಸನೆ ಬರುತ್ತಿದ್ದರೆ ಕಿಡ್ನಿ ಪರೀಕ್ಷೆ ಮಾಡಿಸಬೇಕು.

ವೈದ್ಯರ ಬಳಿ ಹೋಗುವಾಗ

ಮೇಲೆ ಹೇಳಿದ್ದನ್ನೆಲ್ಲ ಎರಡು ಮೂರು ವಾರ ಬಿಡದೆ ಮಾಡಿ. ಆಮೇಲೂ ಹೋಗದಿದ್ದರೆ ದಂತ ವೈದ್ಯರನ್ನು ನೋಡಿ. ವಸಡಿನಲ್ಲಿ ರಕ್ತ, ಹಲ್ಲಿನಲ್ಲಿ ತೂತು ಇದ್ದವರು ಕಾಯುವುದೇ ಬೇಡ. ಈ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ದಾವಣಗೆರೆಯಲ್ಲಿ 1979ರಲ್ಲಿ ಶುರುವಾದ ಬಾಪೂಜಿ ದಂತ ಮಹಾವಿದ್ಯಾಲಯ ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಮಹಾವಿದ್ಯಾಲಯ ಇದೆ. ಇಂಥ ಕಡೆ ಹಿರಿಯ ವೈದ್ಯರ ಕಣ್ಣೆದುರೇ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಕಡಿಮೆ. ಚೀಟಿ ಮಾಡಿಸುವಾಗ ವಸಡಿನ ವಿಭಾಗ ಯಾವುದು ಎಂದು ಕೇಳಿ.

ಹಿಂದಿನ ದಿನ ಹಸಿ ಈರುಳ್ಳಿ, ಬೆಳ್ಳುಳ್ಳಿ ತಿನ್ನಬೇಡಿ. ಹೋಗುವ ದಿನ ಮೌತ್‌ವಾಶ್, ಏಲಕ್ಕಿ, ಸೆಂಟು ಯಾವುದೂ ಬೇಡ. ವಾಸನೆ ಮುಚ್ಚಿಕೊಂಡು ಹೋದರೆ ವೈದ್ಯರಿಗೆ ಏನು ಗೊತ್ತಾಗಬೇಕು? ದಿನವೂ ನುಂಗುವ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ವಾಸನೆ ಯಾವ ಹೊತ್ತಿನಲ್ಲಿ ಜಾಸ್ತಿ, ಎಷ್ಟು ದಿನದಿಂದ ಇದೆ, ಫ್ಲಾಸ್ ಹಾಕಿದಾಗ ಯಾವ ಹಲ್ಲಿನ ಸಂದಿನಿಂದ ಬಂತು, ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಹೇಳಲು ಮುಜುಗರ ಆದರೆ ಆ ಕಾಗದವನ್ನೇ ಅವರ ಕೈಗೆ ಕೊಡಬಹುದು.