ಬೇರೆ ಡೊಮೈನಿಂದ ಅಡಿಕೆ ದರ ತಂದಿದ್ದು: ನನ್ನ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆದು ರಾಶಿ, ಚಾಲಿ, ಬೆಟ್ಟೆ ಅಡಿಕೆ ದರ ಮೊಬೈಲಲ್ಲಿ ಒಂದೇ ಪೇಜಲ್ಲಿ ಕಾಣೋ ಹಂಗೆ ಮಾಡ್ಕೊಡು ಅಂತ ನಮ್ಮ ಭಾವ ಹಿಂದೆ ಬಿದ್ದಿದ್ರು. ದರದ ಜೇಸನ್ (ಪ್ರೋಗ್ರಾಮಿಗೆ ಓದೋಕೆ ಸುಲಭ ಆಗೋ ಡೇಟಾ) ಇದ್ದಿದ್ದು ಬೇರೆಯವರ ಸರ್ವರಲ್ಲಿ, ಬಳಸೋಕೆ ಅವರ ಒಪ್ಪಿಗೆನೂ ಇತ್ತು. ಆ ಲಿಂಕ್ ಬ್ರೌಸರಲ್ಲಿ ನೇರ ಹಾಕಿದ್ರೆ ಬರ್ತದೆ, ಟರ್ಮಿನಲ್ಲಲ್ಲಿ ಕರ್ಲ್ ಕಮಾಂಡ್ ಹೊಡೆದ್ರೂ ಬರ್ತದೆ, ನನ್ನ ಪೇಜಿನ ಸ್ಕ್ರಿಪ್ಟಿಂದ ಫೆಚ್ ಮಾಡಿದ್ರೆ ಮಾತ್ರ ಕನ್ಸೋಲ್ ತುಂಬ ಕೆಂಪು ಅಕ್ಷರ, ಕಾರ್ಸ್ (ಬೇರೆ ಸೈಟಿನ ಡೇಟಾ ಪೇಜಿನ ಸ್ಕ್ರಿಪ್ಟ್ ಓದಬಹುದಾ ಅಂತ ಬ್ರೌಸರ್ ನೋಡೋ ನಿಯಮ) ಎರರ್.

ಎಂತ ಮಜಾ ಅಂದ್ರೆ ಫೈರ್‌ಫಾಕ್ಸಿನ ನೆಟ್‌ವರ್ಕ್ ಟ್ಯಾಬಲ್ಲಿ ಸ್ಟೇಟಸ್ 200 ಅಂತನೇ ಇತ್ತು. ಅಂದ್ರೆ ಸರ್ವರ್ ಉತ್ತರ ಕೊಟ್ಟಾಗಿದೆ, ಬ್ರೌಸರೇ ಅದನ್ನ ಸ್ಕ್ರಿಪ್ಟ್ ಕೈಗೆ ಕೊಡ್ತಾ ಇಲ್ಲ. ಸ್ಕೀಮ್ (http ಅಥವಾ https), ಹೋಸ್ಟ್ (ಸೈಟಿನ ಹೆಸರು), ಪೋರ್ಟ್ ನಂಬರ್ ಈ ಮೂರು ಸೇರಿದ್ದೇ ಒರಿಜಿನ್, ಇದರಲ್ಲಿ ಒಂದು ಬೇರೆ ಆದ್ರೂ ಬೇರೆ ಒರಿಜಿನ್ನೇ, ಲೋಕಲ್‌ಹೋಸ್ಟ್ ಪೋರ್ಟ್ 3000ಕ್ಕೂ 5000ಕ್ಕೂ ಸಂಬಂಧ ಇಲ್ಲ. ಆ ಕಡೆ ಸರ್ವರ್ 'ಆಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್' ಹೆಡರ್ (ಉತ್ತರದ ಜೊತೆ ಬರೋ ಸೂಚನೆ) ಕಳಿಸಿದ್ರೆ ಮಾತ್ರ ಬಾಗಿಲು ತೆಗೀತದೆ, ಅದನ್ನ ಹಾಕೋಕೆ ಅವರಿಗೆ ಪುರುಸೊತ್ತಿಲ್ಲ.

ಫೆಚ್ಚಿಗೆ 'ನೋ-ಕಾರ್ಸ್' ಮೋಡ್ ಹಾಕು ಅಂತ ಸುಮಾರು ಜನ ಹೇಳ್ತಾರೆ, ಅದರಿಂದ ಎರರ್ ಹೋಗ್ತದೆ, ಡೇಟಾನೂ ಹೋಗ್ತದೆ, ಓದೋಕೆ ಎಂತದೂ ಸಿಗೋದಿಲ್ಲ. 2005ರ ಹೊತ್ತಿನ ಜೇಸನ್‌ಪಿ (ಡೇಟಾನ ಸ್ಕ್ರಿಪ್ಟ್ ಟ್ಯಾಗಲ್ಲಿ ತರೋ ಹಳೇ ಉಪಾಯ) ನಂಗೆ ಬೇಡವೇ ಬೇಡ, ಅದರಲ್ಲಿ ಅವರು ಏನು ಕಳಿಸಿದ್ರೂ ನಮ್ಮ ಪೇಜಲ್ಲಿ ಓಡ್ತದೆ.

ಹಂಗಾಗಿ ನನ್ನ ವೆಬ್ ಸರ್ವರ್ ಎನ್‌ಜಿನ್‌ಎಕ್ಸಲ್ಲೇ '/ದರ/' ಅಂತ ಒಂದು ಲೊಕೇಶನ್ ಮಾಡಿ ಪ್ರಾಕ್ಸಿ ಪಾಸ್ ಕೊಟ್ಟೆ. ಪೇಜು ನನ್ನ ಡೊಮೈನನ್ನೇ ಕೇಳ್ತದೆ, ಸರ್ವರು ಆ ಕಡೆಯಿಂದ ತಂದು ಕೊಡ್ತದೆ, ಕಾರ್ಸ್ ಮಾತೇ ಇಲ್ಲ. ಹೆಂಗೂ ಯಾರ್ಡಲ್ಲಿ ಟೆಂಡರ್ ಆದ್ಮೇಲೇ ದರ ಬದಲಾಗೋದು, ಅದಕ್ಕೆ ಹತ್ತು ನಿಮಿಷ ಕ್ಯಾಶೂ (ತಂದ ಉತ್ತರದ ನಕಲು) ಇಟ್ಟೆ, ಪಾಪ ಅವರ ಸರ್ವರಿಗೂ ಹೊರೆ ಕಮ್ಮಿ.

ಆಮೇಲೆ ಬೆಳೆಗಾರರ ಲಾಗಿನ್ ಬಂತು, ಅದಕ್ಕೆ ನನ್ನದೇ ಎಪಿಐ (ಪೇಜಿಗೆ ಡೇಟಾ ಕೊಡೋ ಸರ್ವರ್ ಪ್ರೋಗ್ರಾಂ), ಆದ್ರೆ ಬೇರೆ ಸಬ್‌ಡೊಮೈನ್. ಜೇಸನ್ ಪೋಸ್ಟ್ ಮಾಡಿದ್ರೆ ಬ್ರೌಸರ್ ಮೊದಲು ಆಪ್ಷನ್ಸ್ ಅಂತ ಒಂದು ಪ್ರೀಫ್ಲೈಟ್ (ಕಳಿಸಬಹುದಾ ಅಂತ ಕೇಳೋ ರಿಕ್ವೆಸ್ಟ್) ಕಳಿಸ್ತದೆ, ಅದರಲ್ಲಿ ಲಾಗಿನ್ ಗುರುತಿನ ಕುಕೀ ಇರೋದಿಲ್ಲ, ಲಾಗಿನ್ ಚೆಕ್ ಅದಕ್ಕೂ 401 (ಲಾಗಿನ್ ಆಗಿಲ್ಲ) ಕೊಟ್ಟು ಓಡಿಸ್ತಿತ್ತು. ಕಾರ್ಸ್ ಮಿಡಲ್‌ವೇರನ್ನ (ರಿಕ್ವೆಸ್ಟ್ ನಡುವೆ ಓಡೋ ಕೋಡು) ಲಾಗಿನ್ ಚೆಕ್ಕಿಗಿಂತ ಮೊದಲು ತಂದಿದ್ದೇ ಸರಿಹೋಯ್ತು. ಕುಕೀ ಬೇಕು ಅಂದ್ರೆ ಅಲೌ-ಒರಿಜಿನ್‌ನಲ್ಲಿ ನಕ್ಷತ್ರ (*, ಅಂದ್ರೆ ಯಾರಾದ್ರೂ ಸರಿ) ನಡೆಯೋದಿಲ್ಲ, ಪೂರ್ತಿ ಒರಿಜಿನ್ ಬರೀಬೇಕು, ಅಲೌ-ಕ್ರೆಡೆನ್ಶಿಯಲ್ಸ್ ಟ್ರೂ ಕೊಡಬೇಕು, ಒಂದಕ್ಕಿಂತ ಹೆಚ್ಚು ಒರಿಜಿನ್ನಿಗೆ ಉತ್ತರ ಕೊಡೋದಿದ್ರೆ 'ವೇರಿ: ಒರಿಜಿನ್' ಹೆಡರ್ ಹಾಕೋಕೆ ಮರೀಬೇಡಿ, ಇಲ್ಲಾಂದ್ರೆ ಕ್ಯಾಶಲ್ಲಿ ಒಬ್ಬರ ಹೆಡರ್ ಇನ್ನೊಬ್ಬರಿಗೆ ಹೋಗ್ತದೆ.