ಪಲ್ಲವಿ ಇಲ್ಲದ ಹಾಡುಗಳು: ಓಪೆತ್‌ನ ಮೊದಲ ಮೂರು ಆಲ್ಬಮ್ ಬಿಚ್ಚಿ ನೋಡಿದ ನನ್ನ ಅನುಭವ

ನಮ್ಮ ಬ್ಯಾಂಡಿನ 11 ನಿಮಿಷದ ಹಾಡನ್ನು ಜಾಮ್ ರೂಮಿನಲ್ಲಿ ಮೊದಲ ಸಲ ಪೂರ್ತಿ ನುಡಿಸಿ ಮುಗಿಸಿದೆವು. ಡ್ರಮ್ಮರ್ ಸ್ಟಿಕ್ ಎರಡನ್ನೂ ಸ್ನೇರ್ ಮೇಲಿಟ್ಟು ನನ್ನ ಕಡೆ ನೋಡಿದ. "ಮಗಾ, ಇದು ಒಂದು ಹಾಡಾ, ನಾಲ್ಕು ಹಾಡಾ?" ಅಂದ. ತಮಾಷೆಗೆ ಕೇಳಿದ್ದಲ್ಲ. ಮುಂದೆ ಯಾವ ಭಾಗ ಬರುತ್ತೆ ಅಂತ ಅವನು ಒಂದು ಹಾಳೆಯಲ್ಲಿ ಬರೆದು ಫ್ಲೋರ್ ಟಾಮ್‌ಗೆ ಅಂಟಿಸಿಕೊಂಡಿದ್ದ. ಅದನ್ನು ನೋಡಿಕೊಂಡೇ ನುಡಿಸಿದರೂ ಎರಡು ಕಡೆ ತಪ್ಪಿದ್ದ.

ಆ ಹಾಡು ನಾನು ಬರೆದದ್ದು. ಆಗ ನನ್ನ ತಲೆ ತುಂಬಾ ಓಪೆತ್, ಅದರಲ್ಲೂ ಅವರ ಮೊದಲ ಎರಡು ಆಲ್ಬಮ್. ಸ್ವೀಡನ್ನಿನ ಈ ಮೆಟಲ್ ಬ್ಯಾಂಡ್ 1995ರಲ್ಲಿ 'ಆರ್ಕಿಡ್', 1996ರಲ್ಲಿ 'ಮಾರ್ನಿಂಗ್‌ರೈಸ್', 1998ರಲ್ಲಿ 'ಮೈ ಆರ್ಮ್ಸ್, ಯುವರ್ ಹರ್ಸ್' ಹೊರತಂದಿತು. ಮಾರ್ನಿಂಗ್‌ರೈಸ್‌ನಲ್ಲಿ ಇರೋದೇ 5 ಹಾಡು. ಒಟ್ಟು 66 ನಿಮಿಷ. 10 ನಿಮಿಷಕ್ಕಿಂತ ಚಿಕ್ಕ ಹಾಡು ಒಂದೂ ಇಲ್ಲ. ಅಷ್ಟು ಉದ್ದದ ಹಾಡುಗಳನ್ನು ನಾನು ವರ್ಷಗಟ್ಟಲೆ ಬೇಜಾರಿಲ್ಲದೆ ಕೇಳಿದ್ದೇನೆ. ಹಾಗಿರುವಾಗ ನನ್ನ ಹಾಡು ಮಾತ್ರ ಯಾಕೆ ಚೂರುಚೂರಾಗಿ ಕೇಳುತ್ತಿದೆ? ಇದಕ್ಕೆ ಉತ್ತರ ಬೇಕು ಅನ್ನಿಸಿತು. ಒಂದು 200 ಪುಟದ ನೋಟ್‌ಬುಕ್ ತಂದು ಕೂತೆ.

ನಾನು ಮಾಡಿದ್ದು ಇಷ್ಟೇ. ಹೆಡ್‌ಫೋನ್ ಹಾಕಿಕೊಂಡು ಹಾಡು ಶುರು ಮಾಡುವುದು. ಮೊದಲ ರಿಫ್‌ಗೆ, ಅಂದರೆ ಮತ್ತೆ ಮತ್ತೆ ನುಡಿಸುವ ಗಿಟಾರ್ ತುಣುಕಿಗೆ, 'ಅ' ಅಂತ ಬರೆಯುವುದು. ಹೊಸ ರಿಫ್ ಬಂದರೆ 'ಆ', ಇನ್ನೊಂದು ಬಂದರೆ 'ಇ'. ಹಳೆಯದು ವಾಪಸ್ ಬಂದರೆ ಅದರದ್ದೇ ಅಕ್ಷರ. ಪಕ್ಕದಲ್ಲಿ ಎಷ್ಟು ಸಲ ನುಡಿಸಿದರು, ತಾಳ ಮೂರರದ್ದೋ ನಾಲ್ಕರದ್ದೋ, ಗಿಟಾರ್ ಡಿಸ್ಟಾರ್ಷನ್ನಿನದೋ ಅಕೂಸ್ಟಿಕ್ಕೋ ಅಂತ ಒಂದು ಸಾಲು. ಒಂದು ಹಾಡಿಗೆ ಒಂದು ಸಂಜೆ ಪೂರ್ತಿ ಹೋಗುತ್ತಿತ್ತು.

ಆರ್ಕಿಡ್‌ನ ಪುಟಗಳು ತುಂಬುತ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಂಡಿತು. ಅಕ್ಷರಗಳು ಮುಂದಕ್ಕೇ ಹೋಗುತ್ತವೆ, ಹಿಂದೆ ತಿರುಗುವುದು ತುಂಬಾ ಕಡಿಮೆ. ನಾವು ಸಿನಿಮಾ ಹಾಡು, ಭಾವಗೀತೆ ಕೇಳಿ ಬೆಳೆದವರು. ಚರಣ ಎಲ್ಲಿಗೇ ಹೋಗಲಿ, ಪಲ್ಲವಿಗೆ ವಾಪಸ್ ಬರುತ್ತೆ ಅಂತ ನಮ್ಮ ಕಿವಿ ಕಾಯುತ್ತಿರುತ್ತದೆ. ಇಲ್ಲಿ ಪಲ್ಲವಿಯೇ ಇಲ್ಲ. ಒಂದು ಚೆಂದದ ರಿಫ್ ಬರುತ್ತೆ, ನಾಲ್ಕು ಸಲ ನುಡಿಸುತ್ತಾರೆ, ನಿಲ್ಲಿಸುತ್ತಾರೆ, ಅಕೂಸ್ಟಿಕ್ ಗಿಟಾರ್ ಬರುತ್ತೆ, ಮತ್ತೊಂದು ರಿಫ್. ಮೊದಲಿನದ್ದನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತಾರೆ.

ಈ ಆಲ್ಬಮ್‌ನಲ್ಲಿ ನಡೆದ ಒಂದು ತಪ್ಪಿನ ಬಗ್ಗೆ ಆಮೇಲೆ ಓದಿದೆ. ಮಾಸ್ಟರಿಂಗ್ (ರೆಕಾರ್ಡಿಂಗನ್ನು ಕೊನೆಯದಾಗಿ ಸಿದ್ಧಮಾಡುವ ಕೆಲಸ) ಹೊತ್ತಿನಲ್ಲಿ 'ರೆಕ್ವಿಯಮ್' ಅನ್ನೋ ಆರನೇ ಹಾಡಿನ ಕೊನೆ ಭಾಗ ಕತ್ತರಿಸಿ ಹೋಗಿ, ಏಳನೇ ಹಾಡಿನ ತಲೆಗೆ ಸೇರಿಕೊಂಡಿತ್ತು. ನಾನು ಅದನ್ನು ಎಷ್ಟೋ ಸಲ ಕೇಳಿದ್ದೆ. ಒಂದು ಸಲವೂ ಏನೋ ಎಡವಟ್ಟಾಗಿದೆ ಅನ್ನಿಸಿರಲಿಲ್ಲ. ಇದು ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿದರೂ ಗೊತ್ತಾಗಲ್ಲ ಅಂದರೆ, ಆ ಬಾಲಕ್ಕೂ ಮೈಗೂ ಗಂಟು ಎಷ್ಟು ಗಟ್ಟಿ ಇತ್ತು?

ಸರಿ, ಇದನ್ನೇ ಬೇಕಂತ ಮಾಡಿ ನೋಡೋಣ ಅಂದುಕೊಂಡೆ. ಮಾರ್ನಿಂಗ್‌ರೈಸ್‌ನ 'ಬ್ಲ್ಯಾಕ್ ರೋಸ್ ಇಮ್ಮಾರ್ಟಲ್' 20 ನಿಮಿಷ 14 ಸೆಕೆಂಡಿನ ಹಾಡು. ಅದನ್ನು ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹಾಕಿ, ನಡುವಿನ ಎರಡು ಭಾಗಗಳನ್ನು ಕತ್ತರಿಸಿ ಅದಲುಬದಲು ಮಾಡಿದೆ. ಜೋಡಣೆ ಜಾಗದಲ್ಲಿ ಸ್ವಲ್ಪ ಫೇಡ್ ಕೊಟ್ಟೆ. ಬೇಸ್ ನುಡಿಸುವ ಗೆಳೆಯನಿಗೆ ಕೇಳಿಸಿದೆ. ಅವನೂ ಓಪೆತ್ ಅಭಿಮಾನಿಯೇ. ಕಣ್ಣು ಮುಚ್ಚಿಕೊಂಡು ಕೊನೆತನಕ ಕೇಳಿ "ಸೂಪರ್ ಅಲ್ವಾ ಇದು" ಅಂದ. ಬದಲಾದದ್ದು ಅವನಿಗೆ ತಿಳಿಯಲೇ ಇಲ್ಲ.

ಹಾಗಂತ ಆ ಆಲ್ಬಮ್ ಕಡಿಮೆಯದ್ದು ಅಂತ ನಾನು ಹೇಳುತ್ತಿಲ್ಲ. ಅದರ ಒಂದೊಂದು ಭಾಗವೂ ನನಗೆ ಪ್ರಾಣ. ಬ್ಯಾಂಡಿನ ಗಿಟಾರಿಸ್ಟ್‌ಗಳಾದ ಮಿಕೇಲ್ ಓಕರ್ಫೆಲ್ಟ್ ಮತ್ತು ಪೀಟರ್ ಲಿಂಡ್‌ಗ್ರೆನ್ ಎರಡು ಗಿಟಾರಿನಲ್ಲಿ ಎರಡು ಬೇರೆ ರಾಗ ಹಿಡಿದು, ಒಂದಕ್ಕೊಂದು ಹೆಣೆದುಕೊಂಡು ಹೋಗುವ ರೀತಿ ಇದೆಯಲ್ಲ, ಅದನ್ನು ಕಲಿಯೋಕೆ ನನ್ನ ಬೆರಳಿಗೆ ತಿಂಗಳುಗಳೇ ಬೇಕಾದವು. ಜೊತೆಗೆ ಅದೇ ಆಲ್ಬಮ್‌ನ ಕೊನೆಯ ಹಾಡು 'ಟು ಬಿಡ್ ಯು ಫೇರ್‌ವೆಲ್' ನನ್ನ ಕತ್ತರಿಗೆ ಸಿಗಲಿಲ್ಲ. ಅದರಲ್ಲಿ ಮೆಟಲ್ ಹಾಡುಗಾರಿಕೆಯ ಆ ಗುಡುಗುವ ದನಿ ಒಮ್ಮೆಯೂ ಇಲ್ಲ. ಅಕೂಸ್ಟಿಕ್‌ನಲ್ಲಿ ಮೆಲ್ಲಗೆ ಶುರುವಾಗಿ, ಅರ್ಧ ದಾಟಿದ ಮೇಲೆ ಜೋರಾಗುತ್ತೆ. ಆ ಜೋರನ್ನು ತಂದು ಮೊದಲಿಗೆ ಇಟ್ಟರೆ ಹಾಡೇ ಸತ್ತುಹೋಗುತ್ತದೆ. ನಾನು ಇಟ್ಟು ನೋಡಿದೆ.

ಇನ್ನೊಂದು ಮಾತೂ ಹೇಳಬೇಕು. ಹಾಡಿನ ಒಳಗೆ ಗಂಟು ಸಡಿಲ ಇದ್ದರೂ, ಇಡೀ ಆಲ್ಬಮ್ ಮಾತ್ರ ಒಂದೇ ಮೈಯಂತೆ ಕೇಳುತ್ತದೆ. ಆರ್ಕಿಡ್ ಮತ್ತು ಮಾರ್ನಿಂಗ್‌ರೈಸ್ ಎರಡೂ ಡಾನ್ ಸ್ವಾನೋ ಅವರ ಯೂನಿಸೌಂಡ್ ಸ್ಟುಡಿಯೋದಲ್ಲಿ, ಬ್ಯಾಂಡಿನ ಅದೇ ನಾಲ್ಕು ಜನ ಸೇರಿ ಮಾಡಿದ್ದು. ಅದೇ ತೆಳ್ಳಗಿನ ಗಿಟಾರ್ ಟೋನ್, ಮುಂದೆ ಬಂದು ಮಾತಾಡುವ ಬೇಸ್, ಮೂರರ ತಾಳದ ಆ ತೂಗಾಟ. ಯಾವ ನಿಮಿಷದಿಂದ ಕೇಳಿದರೂ ಅದೇ ಮಳೆ, ಅದೇ ಕಾಡು. ನಾನು ಮೋಸಹೋದದ್ದು ಇಲ್ಲೇ. ಬಣ್ಣ ಒಂದೇ ಇದ್ದದ್ದರಿಂದ ಹಾಡೂ ಒಂದೇ ಅಂದುಕೊಂಡಿದ್ದೆ. ನನ್ನ 11 ನಿಮಿಷದಲ್ಲಿ ಆ ಬಣ್ಣವೂ ಇರಲಿಲ್ಲ. ಒಂದು ಭಾಗ ವೇಗದ ಥ್ರ್ಯಾಶ್ ಮೆಟಲ್, ಒಂದು ಭಾಗ ನಿಧಾನದ ಡೂಮ್ ಮೆಟಲ್, ನಡುವೆ ಯಾಕೋ ಒಂದು ಜಾಜ್ ಕಾರ್ಡ್.

ಮೂರನೇ ಆಲ್ಬಮ್ ಹೊತ್ತಿಗೆ ಬೇಸಿಸ್ಟ್ ಮತ್ತು ಡ್ರಮ್ಮರ್ ಇಬ್ಬರೂ ಬದಲಾಗಿದ್ದರು. ಹೊಸ ಡ್ರಮ್ಮರ್ ಮಾರ್ಟಿನ್ ಲೋಪೆಜ್. ಬೇಸ್ ಭಾಗಗಳನ್ನು ಓಕರ್ಫೆಲ್ಟ್ ಅವರೇ ನುಡಿಸಿದರು. ಸ್ಟುಡಿಯೋ ಕೂಡ ಬೇರೆ, ಗೋಥೆನ್‌ಬರ್ಗಿನ ಫ್ರೆಡ್‌ಮನ್. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಕಂಡ ದೊಡ್ಡ ಬದಲಾವಣೆ ಅಕ್ಷರಗಳದ್ದು. 'ಅ' ವಾಪಸ್ ಬರತೊಡಗಿತು. 'ಡೀಮನ್ ಆಫ್ ದ ಫಾಲ್' ಸುಮಾರು 6 ನಿಮಿಷ ಅಷ್ಟೇ. ಎಲ್ಲಾ ಭಾಗಗಳೂ ಕೊನೆಯ ಒಂದು ಜಾಗಕ್ಕೆ ತಳ್ಳುತ್ತಾ ಹೋಗುತ್ತವೆ. ಅಲ್ಲಿ ಗುಡುಗುವ ದನಿ ನಿಂತು, ಬರೀ ಹಾಡುವ ದನಿ ಉಳಿಯುತ್ತದೆ. ಅದರ ಯಾವ ಭಾಗ ಕತ್ತರಿಸಿ ಎಲ್ಲಿಟ್ಟರೂ ಗಾಯ ಕಾಣುತ್ತಿತ್ತು.

ಸಾಹಿತ್ಯದಲ್ಲೂ ಅಷ್ಟೇ. ಇಡೀ ಆಲ್ಬಮ್ ಒಂದು ಕಥೆ. ಸತ್ತುಹೋದವನು ದೆವ್ವವಾಗಿ ತನ್ನ ಪ್ರೇಯಸಿಯ ಸುತ್ತ ಸುಳಿದಾಡುತ್ತಾನೆ. ಒಂದು ಹಾಡಿನ ಸಾಹಿತ್ಯದ ಕೊನೆಯ ಮಾತೇ ಮುಂದಿನ ಹಾಡಿನ ಹೆಸರು. ನಮ್ಮ ಅಂತ್ಯಾಕ್ಷರಿ ಥರ ಒಂದು ಕೊಂಡಿ. ಕೇಳುವಾಗ ಇದು ಎಷ್ಟು ಜನರ ಗಮನಕ್ಕೆ ಬರುತ್ತೋ ಏನೋ, ಆದರೆ ಬರೆಯುವವನಿಗೆ ಇದರಿಂದ ಒಂದು ಕಟ್ಟು ಸಿಗುತ್ತೆ. ಈ ಹಾಡು ಎಲ್ಲಿ ಹೋಗಿ ನಿಲ್ಲಬೇಕು ಅನ್ನೋದು ಮೊದಲೇ ಗೊತ್ತಿರುತ್ತದೆ.

ನಾನು ನನ್ನ ಹಾಡಿಗೆ ವಾಪಸ್ ಬಂದು ಮೊದಲು ಮಾಡಿದ ಕೆಲಸ ಗಿಟಾರ್ ಪಕ್ಕಕ್ಕಿಟ್ಟದ್ದು. ಸಾಹಿತ್ಯ ಬರೆದು, ಕೊನೆಯ ಸಾಲು ಗಟ್ಟಿ ಮಾಡಿಕೊಂಡೆ. ಆಮೇಲೆ ನನ್ನದೇ ಡೆಮೊ ತೆಗೆದು ಅದೇ ಕತ್ತರಿ ಪರೀಕ್ಷೆ ಮಾಡಿದೆ. ಮೂರು ಭಾಗಗಳು ಎಲ್ಲಿ ಬೇಕಾದರೂ ಕೂರುತ್ತಿದ್ದವು. ಅಂದರೆ ಅವು ಅಲ್ಲಿ ಇರಲೇಬೇಕು ಅಂತಿರಲಿಲ್ಲ. ಜಾಜ್ ಕಾರ್ಡ್ ಇರುವ ಭಾಗ, ಎರಡು ಥ್ರ್ಯಾಶ್ ರಿಫ್ ತೆಗೆದೆ. ಅದರಲ್ಲೊಂದು ರಿಫ್ ನನಗೆ ತುಂಬಾ ಇಷ್ಟ. ತೆಗೆಯೋಕೆ ಎರಡು ವಾರ ಮನಸ್ಸೇ ಬರಲಿಲ್ಲ. ಈಗ ಅದು ಫೋನಿನಲ್ಲಿದೆ, ಇನ್ನೊಂದು ಹಾಡಿಗೆ ಇರಲಿ ಅಂತ.

ಉಳಿದದ್ದು 7 ನಿಮಿಷ. ಮೊದಲ ರಿಫ್‌ನಲ್ಲಿ ಮೂರು ಸ್ವರ ಇಳಿಯುತ್ತವೆ. ಅದೇ ಮೂರು ಸ್ವರವನ್ನು ನಡುವಿನ ಅಕೂಸ್ಟಿಕ್ ಭಾಗದಲ್ಲಿ ತಿರುಗಿಸಿ ಏರಿಸಿದೆ. ಕೊನೆಯಲ್ಲಿ ಅರ್ಧ ವೇಗಕ್ಕೆ ಇಳಿಸಿ, ಎರಡೂ ಗಿಟಾರಿನಲ್ಲಿ ಒಟ್ಟಿಗೆ ತಂದೆ. ಹೋದ ತಿಂಗಳು ಜಾಮ್ ರೂಮಿನಲ್ಲಿ ನುಡಿಸಿದೆವು. ಫ್ಲೋರ್ ಟಾಮ್ ಮೇಲೆ ಹಾಳೆ ಇರಲಿಲ್ಲ. ಕೊನೆಯ ಇಳಿತ ಬಂದಾಗ ಡ್ರಮ್ಮರ್ ನನ್ನ ಕಡೆ ನೋಡದೆಯೇ ವೇಗ ಇಳಿಸಿದ.

ಅಕೂಸ್ಟಿಕ್‌ನಿಂದ ವಾಪಸ್ ಜೋರಿಗೆ ಹೋಗುವ ಜಾಗ ಮಾತ್ರ ಇನ್ನೂ ಸರಿಹೋಗಿಲ್ಲ. ಅಲ್ಲಿ ಸುಮ್ನೆ ನಿಲ್ಲಿಸಿ ಶುರು ಮಾಡುತ್ತಿದ್ದೇವೆ, ಆರ್ಕಿಡ್‌ನಲ್ಲಿ ಮಾಡಿದ ಹಾಗೇ. ಬರುವ ಶನಿವಾರ ಬೇಸಿಸ್ಟ್ ಜೊತೆ ಕೂತು ಅದೊಂದನ್ನೇ ನೋಡಬೇಕು.